ಕಾವೇರಿಯ ವೇಷಕ್ಕೆ ಏನೇನು ಬೇಕು?

ಪ್ರಶ್ನೆ: ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ‘ಶರಪಂಜರ’ದ ಕಾವೇರಿಯಾಗಿ ವೇದಿಕೆಗೆ ಬರಬೇಕು. ಸೀರೆ, ಕೂದಲು, ಮೇಕಪ್ ಹೇಗಿರಲಿ? ಖರ್ಚು ಜಾಸ್ತಿ ಆಗಬಾರದು.
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಧೈರ್ಯದ ಆಯ್ಕೆ ರೀ! ಪುಟ್ಟಣ್ಣ ಕಣಗಾಲರ 1971ರ ಚಿತ್ರ ಅದು. ಕಾವೇರಿಯಾಗಿದ್ದ ಕಲ್ಪನಾ ಅವರ ಸೀರೆ, ರವಿಕೆ ನೆನಪಿರುವವರು ಸಭೆಯಲ್ಲಿ ಇದ್ದೇ ಇರುತ್ತಾರೆ. ಚಿತ್ರ ಇನ್ನೊಮ್ಮೆ ನೋಡಿ, ಒಂದೇ ದೃಶ್ಯ ಹಿಡಿದುಕೊಳ್ಳಿ. ನಾಲ್ಕು ದೃಶ್ಯ ಬೆರೆಸಿದರೆ ಸುಮ್ನೆ ಹಳೇ ಕಾಲದ ಹೆಂಗಸಾಗಿ ಕಾಣುತ್ತೀರಿ.

ಸೀರೆ ಹೊಸದು ಬೇಡ. ಅತ್ತೆಯವರ ಬೀರು ತೆಗೆಸಿ. ಅಲ್ಲೂ ಸಿಗದಿದ್ದರೆ ದಾದರಿನ ಹಿಂದ್‌ಮಾತಾ ಬಟ್ಟೆ ಮಾರುಕಟ್ಟೆ ಇದೆಯಲ್ಲ. ದುಡ್ಡು ಹಾಕಬೇಕಾದ್ದು ರವಿಕೆಗೆ. ಟೈಲರಿಗೆ ಬಾಯಲ್ಲಿ ವಿವರಿಸಬೇಡಿ, ಮೊಬೈಲಿನಲ್ಲಿ ಆ ದೃಶ್ಯವನ್ನೇ ತೋರಿಸಿ.

ನೆತ್ತಿಯ ಕೂದಲನ್ನು ತುದಿಯಿಂದ ಬುಡದ ಕಡೆಗೆ ಬಾಚಿ ಉಬ್ಬಿಸಿ, ಸ್ಪ್ರೇ ಹೊಡೆದು, ಚೌರಿ ಸೇರಿಸಿ ತುರುಬು ಕಟ್ಟಿ. ಐಲೈನರ್ ಕಣ್ಣಿನ ತುದಿಯಿಂದ ಸ್ವಲ್ಪ ಹೊರಕ್ಕೆ ಎಳೆಯಿರಿ. ಮಾಟುಂಗದ ನಾಟಕಗಳಲ್ಲಿ ಬಣ್ಣ ಹಚ್ಚುತ್ತಾ ಬಂದವಳು ನಾನು, ಮುಂಬಯಿ ಸೆಕೆಯ ಬಗ್ಗೆ ನನ್ನನ್ನು ಕೇಳಿ! ಫೌಂಡೇಶನ್ ತೆಳುವಾಗಿರಲಿ. ಮೇಲೆ ಪೌಡರನ್ನು ಪಫ್‌ನಿಂದ ಒತ್ತಿ, ಉಜ್ಜಬೇಡಿ. ಮನೆಯಲ್ಲೇ ಮೇಕಪ್ ಮುಗಿಸಿ ಲೋಕಲ್ ಹತ್ತಬೇಡಿ. ಕುರ್ಲಾ ದಾಟುವಷ್ಟರಲ್ಲಿ ಎಲ್ಲ ಇಳಿದಿರುತ್ತದೆ.

ಇನ್ನೊಂದು ಮಾತು. ಕಾವೇರಿ ಮಾನಸಿಕ ಆಸ್ಪತ್ರೆಯಿಂದ ವಾಸಿಯಾಗಿ ಮನೆಗೆ ಬಂದವಳು. ಆದರೂ ಸುತ್ತಲಿನವರು ಅವಳನ್ನು ಅನುಮಾನದಿಂದಲೇ ನೋಡುತ್ತಾರೆ. ಕೂದಲು ಕೆದರಿಕೊಂಡು, ಕುಂಕುಮ ಬಳಿದುಕೊಂಡು ಜನರನ್ನು ನಗಿಸುವ ಯೋಚನೆ ಇದ್ದರೆ ದಯವಿಟ್ಟು ಬೇರೆ ಪಾತ್ರ ನೋಡಿಕೊಳ್ಳಿ.