ಇಪ್ಪತ್ತೆಂಟು ದಿನದ ದುಡ್ಡು

ಹತ್ತಿ ಬೆಳೆಯುವ ಮನೆಯ ಹುಡುಗಿ. ರಾಯಚೂರಿನಲ್ಲೇ ಬಿ.ಇ. ಮುಗಿಸಿದ್ದಳು. ಬ್ರಿಟನ್ನಿನ ಒಂದು ವಿಶ್ವವಿದ್ಯಾಲಯದಲ್ಲಿ ಜನವರಿಗೆ ಎಂ.ಎಸ್ಸಿ. ಸೀಟು ಸಿಕ್ಕಿತ್ತು. ಗುರುತು ಹತ್ತದಂತೆ ಕೆಲವು ವಿವರ ಬದಲಿಸಿದ್ದೇನೆ. ಮಾನ್ವಿ, ದೇವದುರ್ಗ ಕಡೆಯಿಂದ ವೀಸಾಕ್ಕೆ ದುಡ್ಡು ತೋರಿಸುವ ಇದೇ ತೊಡಕು ಹೊತ್ತು ನನ್ನ ಬಳಿ ಸಲಹೆಗೆ ಬರುವವರು ಹೆಚ್ಚುತ್ತಿದ್ದಾರೆ, ಅದಕ್ಕೇ ಬರೆಯುತ್ತಿರುವುದು.

ಅಂಕಪಟ್ಟಿ, ಪಾಸ್‌ಪೋರ್ಟ್ ಎಲ್ಲ ಸರಿ ಇದ್ದವು. ತೊಡಕಿದ್ದದ್ದು ಪಾಸ್‌ಬುಕ್ಕಿನಲ್ಲಿ. ಬ್ರಿಟನ್ನಿನ ಸ್ಟೂಡೆಂಟ್ ವೀಸಾಕ್ಕೆ ಮೊದಲ ವರ್ಷದ ಶುಲ್ಕದ ಬಾಕಿ ಮತ್ತು ಗರಿಷ್ಠ ಒಂಬತ್ತು ತಿಂಗಳ ಜೀವನ ಖರ್ಚಿನ ಹಣ ತೋರಿಸಬೇಕು. 2025ರ ನವೆಂಬರ್ 11ರಿಂದ ಈ ಖರ್ಚು ಲಂಡನ್ನಿಗೆ ತಿಂಗಳಿಗೆ 1,529 ಪೌಂಡ್, ಲಂಡನ್ನಿನ ಹೊರಗೆ 1,171. ಅಂದರೆ ಹೊರಗಿನ ಊರಿಗೆ ಒಂಬತ್ತು ತಿಂಗಳಿಗೆ 10,539 ಪೌಂಡ್. ಈ ಹಣ ಸತತ 28 ದಿನ ಖಾತೆಯಲ್ಲಿರಬೇಕು, ಒಂದು ದಿನವೂ ಕೆಳಗಿಳಿಯಬಾರದು. ಖಾತೆ ವಿದ್ಯಾರ್ಥಿಯದ್ದು, ತಂದೆ ತಾಯಿಯದ್ದು ಅಥವಾ ಕಾನೂನುಬದ್ಧ ಪಾಲಕರದ್ದೇ ಆಗಿರಬೇಕು. ನಮ್ಮ ಕಡೆಯ ಕೂಡುಕುಟುಂಬಗಳು ಸಿಕ್ಕಿಬೀಳುವುದು ಇಲ್ಲೇ.

ಒಟ್ಟು ಬೇಕಿದ್ದದ್ದು ಸುಮಾರು 22 ಲಕ್ಷ ರೂಪಾಯಿ. ಹದಿನಾಲ್ಕು ಲಕ್ಷ ದೊಡ್ಡಪ್ಪನ ಖಾತೆಯಲ್ಲಿತ್ತು. "ದುಡ್ಡು ನಮ್ದೇ ಅದರಿ ಸರ್. ಮನಿ ಒಂದ, ಒಲಿ ಒಂದ. ಅಣ್ಣನ ದುಡ್ಡು ಬ್ಯಾರೆ, ನಮ್ ದುಡ್ಡು ಬ್ಯಾರೆ ಅಂತ ಇಲ್ರಿ" ಎಂದರು ತಂದೆ. ಮಾತು ನಿಜ. ಆದರೆ ವೀಸಾ ನಿಯಮಕ್ಕೆ ದೊಡ್ಡಪ್ಪ, ಕಾಕಾ, ಸೋದರಮಾವ ಯಾರೂ ಲೆಕ್ಕಕ್ಕಿಲ್ಲ. ಪಹಣಿಯಲ್ಲಿರುವ ಎಕರೆಗಳೂ ಹಣವಲ್ಲ.

ಕೊರತೆಯ ಎಂಟು ಲಕ್ಷಕ್ಕೆ ಒಬ್ಬ ಏಜೆಂಟ್ ದಾರಿ ತೋರಿಸಿದ್ದ. ಯಾರದೋ ದುಡ್ಡು ಒಂದು ತಿಂಗಳು ತಂದೆಯ ಖಾತೆಗೆ ಬರುತ್ತದೆ. ಬಡ್ಡಿ 24 ಸಾವಿರ, ಮುಂಗಡವಾಗಿ. ಭದ್ರತೆಗೆ ಸಹಿ ಹಾಕಿದ ಎರಡು ಖಾಲಿ ಚೆಕ್. ಇದನ್ನೆಲ್ಲ ಬರೆದುಕೊಂಡಿದ್ದ ಚೀಟಿಯನ್ನು ತಂದೆ ಪಾಸ್‌ಬುಕ್ಕಿನೊಳಗೆ ಇಟ್ಟುಕೊಂಡು ಬಂದಿದ್ದರು. "ಎಲ್ಲಾರೂ ಹಿಂಗ ಮಾಡ್ತಾರಂತ" ಎಂದರು.

ಅದು ಮೂರನೆಯ ಭೇಟಿ. ಹುಡುಗಿ ಮೊದಲೆರಡು ಸಲ ಬಾಯಿ ಬಿಟ್ಟಿರಲಿಲ್ಲ. ಅಂದು ಚೀಟಿ ನೋಡಿ ತಂದೆಯ ಕಡೆ ತಿರುಗಿದಳು. "ಅಪ್ಪಾ, ಇಂಟರ್‌ವ್ಯೂದಾಗ ಈ ಎಂಟು ಲಕ್ಷ ಎಲ್ಲಿಂದ ಬಂತು ಅಂತ ಕೇಳಿದ್ರ ಹೇಳಾಕಿ ನಾನು. ನೀ ಅಲ್ಲ, ಆ ಮನಷ್ಯಾನೂ ಅಲ್ಲ. ನಾ ಏನ್ ಹೇಳ್ಲಿ?"

ತಂದೆ ಬಹಳ ಹೊತ್ತು ಮಾತಾಡಲಿಲ್ಲ. ಚೀಟಿಯನ್ನು ಮಡಚಿದರು, ಮತ್ತೆ ಬಿಚ್ಚಿದರು. ಕೊನೆಗೆ "ಹಂಗಾರ ಏನ್ ಮಾಡೂಣ್ರಿ?" ಎಂದರು.

ಎರಡು ದುಡ್ಡನ್ನೂ ಬೇರೆ ಬೇರೆ ಇಟ್ಟು ಮಾತಾಡಿದೆವು. ದೊಡ್ಡಪ್ಪನ ಹದಿನಾಲ್ಕು ಲಕ್ಷ ಮನೆಯದ್ದೇ, ಅದನ್ನು ತಂದೆಯ ಖಾತೆಗೆ ತರುವುದರಲ್ಲಿ ಮೋಸವಿಲ್ಲ. ಆದರೆ ಬ್ಯಾಂಕಿನಿಂದ ಬ್ಯಾಂಕಿಗೇ ಹೋಗಬೇಕು. ಒಬ್ಬರಿಂದ ಎರಡು ಲಕ್ಷ ಅಥವಾ ಹೆಚ್ಚು ನಗದು ತೆಗೆದುಕೊಂಡರೆ ಆದಾಯ ತೆರಿಗೆ ಕಾನೂನಿನಲ್ಲಿ ದಂಡವಿದೆ. ಮರಳಿ ಕೊಡಬೇಕಿಲ್ಲ ಎಂದು ದೊಡ್ಡಪ್ಪ ಬರೆದುಕೊಟ್ಟ ಪತ್ರ, ಅವರ ಪಹಣಿ, ಬೆಳೆ ಮಾರಿದ್ದಕ್ಕೆ ಎಪಿಎಂಸಿಯ ಅಡತ್ ಅಂಗಡಿ ಕೊಟ್ಟ ಪಟ್ಟಿಗಳು ಜೊತೆಗಿರಲಿ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ರೈತರ ಮನೆಯಲ್ಲಿ ಐಟಿ ರಿಟರ್ನ್ ಇರುವುದೇ ಕಡಿಮೆ. ದುಡ್ಡಿನ ಮೂಲ ಹೇಳುವುದು ಆ ಪಟ್ಟಿಗಳೇ.

ಬಾಡಿಗೆಯ ಎಂಟು ಲಕ್ಷ ಮಾತ್ರ ಬೇಡವೇ ಬೇಡ ಎಂದೆ. ಹಣ ಕಡಿಮೆ ಬಿದ್ದು ವೀಸಾ ನಿರಾಕರಣೆಯಾದರೆ ವೀಸಾ ಶುಲ್ಕ ಹೋಗುತ್ತದೆ, ಅರ್ಜಿಯ ಜೊತೆ ಕಟ್ಟಿದ, ವರ್ಷಕ್ಕೆ 776 ಪೌಂಡಿನ ಆರೋಗ್ಯ ಸರ್ಚಾರ್ಜ್ ವಾಪಸ್ ಬರುತ್ತದೆ, ಮತ್ತೆ ಅರ್ಜಿ ಹಾಕಬಹುದು. ವಂಚನೆ ಎಂದು ಬರೆದು ನಿರಾಕರಿಸಿದರೆ ಹತ್ತು ವರ್ಷ ಬಾಗಿಲು ಮುಚ್ಚಬಹುದು. ಅದು ಬೀಳುವುದು ಇಪ್ಪತ್ತೆರಡರ ಹುಡುಗಿಯ ಹೆಸರಿನ ಮೇಲೆ, ಏಜೆಂಟನ ಮೇಲಲ್ಲ.

ಜನವರಿ ಬಿಟ್ಟು ಸೆಪ್ಟೆಂಬರಿಗೆ ಹೋಗಲಿ ಎಂದು ಸಲಹೆ ಕೊಟ್ಟೆ. ವರ್ಷ ಹಾಳು ಮಾಡಿದರು ಎಂಬ ಮಾತು ನೆಂಟರಿಂದ ಬಂತು. ಹಾಳಲ್ಲ. ಜನವರಿಗೆ ಹೋಗುವವರು ನವೆಂಬರ್‌ನಲ್ಲೇ ದುಡ್ಡು ತೋರಿಸಬೇಕು, ಆಗ ಹತ್ತಿ ಇನ್ನೂ ಹೊಲದಲ್ಲಿ ಬಿಡಿಸುತ್ತಿರುತ್ತಾರೆ. ಮಾರಿ ಕೈಗೆ ದುಡ್ಡು ಬರುವುದು ಫೆಬ್ರವರಿ, ಮಾರ್ಚ್‌ಗೆ. ಸೆಪ್ಟೆಂಬರಿನ ಲೆಕ್ಕಕ್ಕೆ ಅದು ಸರಿಯಾಗಿ ಒದಗುತ್ತದೆ. ಮುಂಗಡ ಕಟ್ಟಿದ ಶುಲ್ಕವನ್ನು ಸೆಪ್ಟೆಂಬರಿಗೆ ವರ್ಗಾಯಿಸುತ್ತೇವೆಂದು ವಿಶ್ವವಿದ್ಯಾಲಯದಿಂದ ಲಿಖಿತವಾಗಿ ಪಡೆದ ಮೇಲೆಯೇ ಮುಂದೂಡಿಸಿದ್ದು.

ಕೊರತೆಯಲ್ಲಿ ಏಳು ಲಕ್ಷ ವಿದ್ಯಾಲಕ್ಷ್ಮಿ ಪೋರ್ಟಲ್ ಮೂಲಕ ಶೈಕ್ಷಣಿಕ ಸಾಲ, ಮಿಕ್ಕದ್ದು ಹತ್ತಿಯದು. ಸಾಲ 7.5 ಲಕ್ಷ ದಾಟಿದರೆ ಆಸ್ತಿ ಅಡಮಾನ ಕೇಳುತ್ತಾರೆ, ಕೃಷಿ ಜಮೀನನ್ನು ಬ್ಯಾಂಕುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಮಂಜೂರಾತಿ ಪತ್ರ ವಿದ್ಯಾರ್ಥಿಯ ಹೆಸರಲ್ಲಿರಬೇಕು, ಅರ್ಜಿಯ ದಿನಕ್ಕೆ ಆರು ತಿಂಗಳಿಗಿಂತ ಹಳೆಯದಾಗಬಾರದು, ವೀಸಾ ಸಿಗಬೇಕೆಂಬುದು ಬಿಟ್ಟು ಬೇರೆ ಷರತ್ತು ಇರಬಾರದು. ಸಾಲದ ಹಣಕ್ಕೆ 28 ದಿನದ ನಿಯಮವಿಲ್ಲ.

ತಂದೆಯ ಖಾತೆ ತೋರಿಸುವವರಿಗೆ ಜನನ ಪ್ರಮಾಣಪತ್ರ ಮತ್ತು ತಂದೆಯ ಒಪ್ಪಿಗೆ ಪತ್ರ ಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅದರ ಬದಲಿಗೆ ನಡೆಯುವುದಿಲ್ಲ. ಹುಟ್ಟಿ ವರ್ಷ ದಾಟಿದ ಮೇಲೆ ನೋಂದಣಿ ಮಾಡಿಸಲು ಮ್ಯಾಜಿಸ್ಟ್ರೇಟ್ ಅಧಿಕಾರವಿರುವ ಅಧಿಕಾರಿಯ ಆದೇಶ ಬೇಕು. ಸೀಟಿಗೆ ಅರ್ಜಿ ಹಾಕುವ ಮುಂಚೆಯೇ ಆ ಕೆಲಸ ಹಿಡಿಯಿರಿ.

ಮೇ 20ಕ್ಕೆ ಸಾಲ ಬಿಟ್ಟು ಮಿಕ್ಕ ಪೂರ್ತಿ ಹಣ ತಂದೆಯ ಖಾತೆಗೆ ಬಂತು. ಅಂದಿನಿಂದ ಎಣಿಸಿದರೆ ಇಪ್ಪತ್ತೆಂಟನೆಯ ದಿನ ಜೂನ್ 16. ಸ್ಟೇಟ್‌ಮೆಂಟಿನ ಕೊನೆಯ ದಿನದಿಂದ 31 ದಿನದೊಳಗೆ, ಅಂದರೆ ಜುಲೈ 17ರೊಳಗೆ, ಅರ್ಜಿ ಶುಲ್ಕ ಕಟ್ಟಬೇಕು. ಹುಡುಗಿ ಎರಡೂ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಸುತ್ತಿಟ್ಟಳು. ಬೇಕಾದಷ್ಟೇ ಇಡಬೇಡಿ, ಐವತ್ತು ಸಾವಿರ ಹೆಚ್ಚಿಗೆ ಇರಲಿ ಎಂದಿದ್ದೆ. ರೂಪಾಯಿ ಬೆಲೆ ಇಳಿದರೂ ಪೌಂಡಿನ ಲೆಕ್ಕ ತಪ್ಪುತ್ತದೆ. ಮೇ ಕೊನೆಯ ವಾರದಲ್ಲಿ ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಗೆ 436, ಸುರಕ್ಷಾ ವಿಮೆಗೆ 20 ರೂಪಾಯಿ ಬ್ಯಾಂಕ್ ತಾನಾಗಿಯೇ ಕತ್ತರಿಸಿಕೊಂಡಿತು. ಹೆಚ್ಚಿಗೆ ಇಟ್ಟಿರದಿದ್ದರೆ ಆ 456 ರೂಪಾಯಿಗೇ ಎಣಿಕೆ ಮೊದಲಿಂದ ಶುರುವಾಗುತ್ತಿತ್ತು.

ಇಪ್ಪತ್ತನೆಯ ದಿನ ತಂದೆಯ ಫೋನ್. "ಸರ್, ಮಳಿ ಬಂದದ, ಹತ್ತಿ ಬೀಜ ತರಬೇಕು. ಅರವತ್ತು ಸಾವಿರ ತೆಗೀಲೇನ್ರಿ? ನಾಕ ದಿನಕ್ಕ ಮತ್ತ ಹಾಕ್ತೀನಿ." ಬೇಡ ಎಂದೆ. ಹಿಂದಿನಿಂದ ಮಗಳ ದನಿ ಕೇಳಿಸಿತು: "ಅವ್ವನ ಖಾತೆದಾಗ ಬೀಜಕ್ಕಂತ ಬ್ಯಾರೆ ಇಟ್ಟೀನಿ ಅಪ್ಪಾ, ಅದನ್ನ ತಗಿ."