ನಂದಿಯ ಎತ್ತರ ಓಟಕ್ಕೆ ಸಾಕೇ?

ಓದುಗರ ಪತ್ರ:

‘ಮಾನ್ಯ ಸಂಪಾದಕರೇ, ನಾನು ಶಿಡ್ಲಘಟ್ಟ ತಾಲ್ಲೂಕಿನವನು, ವಯಸ್ಸು 23. ಬಿ.ಕಾಂ. ಮುಗಿಸಿ ಅಪ್ಪನ ಜೊತೆ ರೇಷ್ಮೆ ಹುಳದ ಮನೆ ನೋಡಿಕೊಳ್ಳುತ್ತಿದ್ದೇನೆ. ಎರಡು ವರ್ಷದಿಂದ ಓಡುತ್ತಿದ್ದೇನೆ. 10 ಕಿ.ಮೀ.ಗೆ 34 ನಿಮಿಷ 40 ಸೆಕೆಂಡು ಹಿಡಿಯುತ್ತದೆ. ಮುಂದಿನ ಏಪ್ರಿಲ್‌ನಲ್ಲಿ ಬೆಂಗಳೂರಿನ 10 ಕಿ.ಮೀ. ಓಟಕ್ಕೆ ಇಳಿಯುವ ಆಸೆ. ಕೀನ್ಯಾದ ದೊಡ್ಡ ಓಟಗಾರರು ನಂದಿ ಹಿಲ್ಸ್ ಎಂಬ ಎತ್ತರದ ಸೀಮೆಯವರೆಂದು ಓದಿದೆ. ನಮ್ಮಲ್ಲೂ ನಂದಿಬೆಟ್ಟ ಇದೆಯಲ್ಲ! ಒಂದು ವರ್ಷ ಬೆಟ್ಟದ ಹತ್ತಿರ ರೂಮು ಮಾಡಿಕೊಂಡು ಓಡಿದರೆ ಆಗುತ್ತದೆಯೇ? ಇಲ್ಲದಿದ್ದರೆ ಊಟಿ, ಲೇಹ್, ಕೀನ್ಯಾ ಇವುಗಳಲ್ಲಿ ಎಲ್ಲಿ ಖರ್ಚು ಕಡಿಮೆ? ನನ್ನ ಕೈಯಲ್ಲಿ 80 ಸಾವಿರ ರೂಪಾಯಿ ಇದೆ. ಅಪ್ಪ ಮಾತ್ರ, “ಓಡಕ್ಕೆ ಬೆಟ್ಟ ಯಾಕೋ, ನಮ್ಮ ಕೆರೆ ಕಟ್ಟೆ ಸಾಲ್ದಾ?” ಅಂತಾರೆ. ಹೆಸರು ಹಾಕಬೇಡಿ.’

ಸಂಪಾದಕರ ಉತ್ತರ:

ಮೊದಲಿಗೆ ನಿಮ್ಮ ತಂದೆಯವರ ಪರವಾಗಿ ಒಂದು ಮಾತು. ಕೆರೆ ಕಟ್ಟೆ ಸಾಲದು ಎಂದು ಅವರಿಗೆ ಹೇಳುವ ಮಟ್ಟಕ್ಕೆ ನೀವಿನ್ನೂ ಬಂದಿಲ್ಲ. 34 ನಿಮಿಷ 40 ಸೆಕೆಂಡು ಒಳ್ಳೆಯ ಓಟವೇ. ನಿಮ್ಮ ವಯಸ್ಸಿನಲ್ಲಿ ನಾನು ಅಷ್ಟು ಹೊತ್ತಿಗೆ ಆರು ಕಿ.ಮೀ. ದಾಟಿದರೆ ದೊಡ್ಡದು. ಆದರೆ ಓಡಲು ಶುರುಮಾಡಿ ಎರಡೇ ವರ್ಷವಾದ ಕಾಲಿನಲ್ಲಿ ಆ ಕಟ್ಟೆಯ ಮೇಲೆಯೇ ಇಳಿಸಬಹುದಾದ ನಿಮಿಷಗಳು ಇನ್ನೂ ಬಾಕಿ ಇರುತ್ತವೆ. ಅದಕ್ಕೆ ಮುಂಗಡ ಕೊಡಬೇಕಾಗಿಲ್ಲ, ಬಾಡಿಗೆಯೂ ಇಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಿ.

ಎರಡು ನಂದಿಗಳ ವಿಷಯಕ್ಕೆ ಬರೋಣ. ಕೀನ್ಯಾದ ಪಶ್ಚಿಮ ಭಾಗದಲ್ಲಿ ನಂದಿ ಹೆಸರಿನ ಕೌಂಟಿಯೊಂದಿದೆ, ನಮ್ಮ ಜಿಲ್ಲೆ ಇದ್ದ ಹಾಗೆ. ನಂದಿ ಅನ್ನುವುದು ಅಲ್ಲಿನ ಒಂದು ಜನಾಂಗದ ಹೆಸರು, ನಮ್ಮ ಬಸವಣ್ಣನಿಗೂ ಅದಕ್ಕೂ ನಂಟಿಲ್ಲ. ನಂದಿ ಹಿಲ್ಸ್ ಆ ಕೌಂಟಿಯ ಟೀ ತೋಟಗಳ ಊರು, ಎತ್ತರ ಸುಮಾರು 2,000 ಮೀಟರ್. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ 1,500 ಮೀಟರ್ ಗೆದ್ದ ಕಿಪ್ಚೋಗೆ ಕೀನೊ ಆ ಜನಾಂಗದವರು. ರಿಯೊದಲ್ಲೂ ಟೋಕಿಯೊದಲ್ಲೂ ಮ್ಯಾರಥಾನ್ ಚಿನ್ನ ಗೆದ್ದ ಎಲಿಯುಡ್ ಕಿಪ್ಚೋಗೆ ಹುಟ್ಟಿದ್ದೂ ಅದೇ ಸೀಮೆಯಲ್ಲಿ. ಇವರ್ಯಾರೂ ಓಟಕ್ಕೆಂದು ಎತ್ತರಕ್ಕೆ ಹೋಗಿ ರೂಮು ಮಾಡಿದವರಲ್ಲ. ಹುಟ್ಟಿ ಬೆಳೆದದ್ದೇ ಅಲ್ಲಿ.

ನಮ್ಮ ನಂದಿಬೆಟ್ಟದ ನೆತ್ತಿ 1,478 ಮೀಟರ್. ಅದಾದರೂ ನೆತ್ತಿಯ ಲೆಕ್ಕ. ಬಾಡಿಗೆಗೆ ರೂಮು ಸಿಗುವುದು ಬುಡದಲ್ಲಿ. ಭೋಗನಂದೀಶ್ವರನ ದೇವಸ್ಥಾನದ ಆಸುಪಾಸು ಮನೆ ಹಿಡಿದರೆ ಹೆಚ್ಚುಕಡಿಮೆ ಶಿಡ್ಲಘಟ್ಟದ ಎತ್ತರದಲ್ಲೇ ಇರುತ್ತೀರಿ. ಬೆಟ್ಟ ನಿಮ್ಮ ಕಿಟಕಿಯಲ್ಲಿರುತ್ತದೆ, ರಕ್ತದಲ್ಲಿರುವುದಿಲ್ಲ.

ರಕ್ತ ಅಂದೆ, ಏಕೆಂದರೆ ಎತ್ತರದ ಕೆಲಸ ನಡೆಯುವುದೇ ಅಲ್ಲಿ. ಬೆಟ್ಟದ ಮೇಲೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಪಾಲು ಎಲ್ಲ ಕಡೆಯೂ ಸುಮಾರು 21 ಶೇಕಡವೇ, ಇಳಿಯುವುದು ಗಾಳಿಯ ಒತ್ತಡ. ಸಮುದ್ರದ ದಂಡೆಯಲ್ಲಿ ಒತ್ತಡ 100 ಇದ್ದರೆ ಚಿಕ್ಕಬಳ್ಳಾಪುರದಲ್ಲಿ ಸುಮಾರು 90, ನಂದಿಯ ನೆತ್ತಿಯಲ್ಲಿ 84, ಊಟಿಯಲ್ಲಿ 76, ಲೇಹ್‌ನಲ್ಲಿ 65. ಊಟಿಯಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ, ಹಾಗಾಗಿ ಪಾತ್ರೆಯಲ್ಲಿಟ್ಟ ಬೇಳೆ ಬೇಗ ಬೇಯುವುದಿಲ್ಲ. ಉಸಿರಿನ ಕಥೆಯೂ ಅದೇ. ಒತ್ತಡ ಇಳಿದಾಗ ರಕ್ತಕ್ಕೆ ಸೇರುವ ಆಮ್ಲಜನಕ ತಗ್ಗುತ್ತದೆ, ಮೂತ್ರಪಿಂಡಕ್ಕೆ ಅದು ಗೊತ್ತಾಗಿ ಇ.ಪಿ.ಒ. ಎಂಬ ಹಾರ್ಮೋನನ್ನು ಹೆಚ್ಚಿಸುತ್ತದೆ, ಮೂಳೆಯ ಮಜ್ಜೆ ಹೆಚ್ಚು ಕೆಂಪು ರಕ್ತಕಣ ಮಾಡುತ್ತದೆ. ಹಾರ್ಮೋನು ಏರಲು ಕೆಲವು ಗಂಟೆ ಸಾಕು. ರಕ್ತಕಣ ಲೆಕ್ಕಕ್ಕೆ ಸಿಗುವಷ್ಟು ಹೆಚ್ಚಲು ಮೂರು ನಾಲ್ಕು ವಾರ ಬೇಕು. (ಇದೇ ಹಾರ್ಮೋನನ್ನು ಸೂಜಿಯಲ್ಲಿ ಚುಚ್ಚಿಸಿಕೊಂಡರೆ ಅದು ಡೋಪಿಂಗ್. ಇನ್ನು ಮೂಗು ಬಾಯಿ ಮುಚ್ಚುವ ‘ಎತ್ತರದ ಮಾಸ್ಕ್’ ಎಂದು ಮಾರುತ್ತಾರಲ್ಲ, ಅದು ಗಾಳಿಯ ಒತ್ತಡವನ್ನು ಕೂದಲೆಳೆಯಷ್ಟೂ ಇಳಿಸುವುದಿಲ್ಲ. ದುಡ್ಡು ಉಳಿಸಿ.)

ಈ ಕೆಲಸ ಸರಿಯಾಗಿ ನಡೆಯುವುದು 2,000ದಿಂದ 2,500 ಮೀಟರ್ ನಡುವೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್, ಅಲ್ಲಿ ಮನೆ ಮಾಡಲು ಆಗದು. ಅಂದರೆ ನೀವು ಕೇಳಿದಂಥ ಊರು ಕರ್ನಾಟಕದಲ್ಲಿ ಒಂದೂ ಇಲ್ಲ. ಮಡಿಕೇರಿ, ಚಿಕ್ಕಮಗಳೂರು ತಂಪಾಗಿವೆ. ತಂಪು ಬೇರೆ, ಎತ್ತರ ಬೇರೆ.

ಹಾಗಾದರೆ ಕೀನ್ಯಾ? ಓಟಗಾರರ ಊರೆಂದು ಹೆಸರಾದ ಇಟೆನ್ ಸುಮಾರು 2,400 ಮೀಟರ್ ಎತ್ತರದಲ್ಲಿದೆ. ನಿಮ್ಮ 80 ಸಾವಿರದಲ್ಲಿ ವಿಮಾನದ ಟಿಕೆಟ್ಟೇ ದೊಡ್ಡ ಪಾಲು ನುಂಗುತ್ತದೆ. ಮೇಲೆ ಪ್ರವೇಶದ ಅನುಮತಿ, ವಾಪಸ್ ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲಿ ತೋರಿಸಲು ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ. ಉಳಿದ ದುಡ್ಡಿನಲ್ಲಿ ಹೊಟ್ಟೆ ಕಟ್ಟಿ ಓಡಬೇಕಾಗುತ್ತದೆ. ಲೇಹ್ 3,500 ಮೀಟರ್. ಅಲ್ಲಿ ರಾತ್ರಿ ನಿದ್ದೆ ಬಂದರೆ ಪುಣ್ಯ, ವೇಗದ ಓಟದ ಮಾತು ದೂರ. ಹಿಮಾಚಲದ ಶಿಲಾರೂದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ಎತ್ತರದ ತರಬೇತಿ ಕೇಂದ್ರವಿದೆ, ಆದರೆ ಅದು ಆಯ್ಕೆಯಾದ ಮೇಲಿನ ಮಾತು. ಕೊಡೈಕೆನಾಲ್ 2,100 ಮೀಟರ್ ದಾಟುತ್ತದೆ, ಕೆರೆಯ ಸುತ್ತ ಸುಮಾರು 5 ಕಿ.ಮೀ.ಗಳ ಸಮತಟ್ಟು ರಸ್ತೆಯೂ ಇದೆ. ನೀಲಗಿರಿ ನನಗೆ ಗೊತ್ತಿಲ್ಲದಿದ್ದರೆ ಅದನ್ನೇ ಹೇಳುತ್ತಿದ್ದೆ.

ಊಟಿ 2,240 ಮೀಟರ್. ಕಾಕತಾಳೀಯ ನೋಡಿ, ಕೀನೊ ಚಿನ್ನ ಗೆದ್ದ ಮೆಕ್ಸಿಕೊ ನಗರವೂ ಅಷ್ಟೇ ಎತ್ತರ. ಮೈಸೂರು, ಗುಂಡ್ಲುಪೇಟೆ, ಬಂಡೀಪುರದ ಮೇಲೆ ಕೆಂಪು ಬಸ್ಸಿನಲ್ಲಿ ಒಂದು ದಿನದೊಳಗೆ ಮುಟ್ಟಬಹುದು. ಸ್ವಂತ ಗಾಡಿ ಬೇಡ. 2024ರ ಮೇ ತಿಂಗಳಿಂದ ಗಾಡಿಗಳಿಗೆ ಇ-ಪಾಸ್ ಬೇರೆ ಬಂದಿದೆ. ಆದರೆ ಊಟಿ ಪೇಟೆಯಲ್ಲೇ ರೂಮು ಹುಡುಕಿದರೆ ಪ್ರವಾಸಿಗಳ ಬೆಲೆ ತೆರುತ್ತೀರಿ. ನಾನು ಇಲ್ಲಿ ರೂಪಾಯಿ ಲೆಕ್ಕ ಬರೆಯುವುದಿಲ್ಲ, ಏಕೆಂದರೆ ಮೇ ತಿಂಗಳ ಹೂವಿನ ಪ್ರದರ್ಶನದ ಹೊತ್ತಿಗೆ ಹೇಳುವ ಬಾಡಿಗೆಯನ್ನು ಫೆಬ್ರುವರಿಯಲ್ಲಿ ಹೇಳಿದರೆ ಯಾರೂ ಬರುವುದಿಲ್ಲ. ಪೇಟೆ ಬಿಟ್ಟು ಕೂನೂರಿನ ದಾರಿ ಹಿಡಿಯಿರಿ. ನಡುವೆ ಕೇತ್ತಿ ಕಣಿವೆ ಸಿಗುತ್ತದೆ, ಎತ್ತರ ಸುಮಾರು 2,000 ಮೀಟರ್. ಊಟಿಯ ಪುಟ್ಟ ರೈಲೂ ಅಲ್ಲಿ ನಿಲ್ಲುತ್ತದೆ. ಸುತ್ತ ಬಡಗರ ಹಟ್ಟಿಗಳು, ಕ್ಯಾರೆಟ್ಟು ಬೀಟ್‌ರೂಟಿನ ಹೊಲಗಳು. ಬಡಗ ನುಡಿ ಕನ್ನಡದ ಒಡಹುಟ್ಟು. ಎರಡು ದಿನ ಕಿವಿಗೊಟ್ಟರೆ ಅರ್ಧ ಅರ್ಥವಾಗುತ್ತದೆ. ತಿಂಗಳ ಬಾಡಿಗೆಗೆ ಒಂದು ಕೋಣೆ ಕೊಡುತ್ತೀರಾ ಎಂದು ಟೀ ಅಂಗಡಿಯಲ್ಲಿ ಕೇಳಿ. ಲಾಡ್ಜಿನ ದಿನದ ಬಾಡಿಗೆಗಿಂತ ಅದು ಎಷ್ಟೋ ಹಗುರ.

ಹತ್ತಿಪ್ಪತ್ತು ವರ್ಷದ ಹಿಂದೆ ಒಂದು ವರದಿಗೆಂದು ಹೋದಾಗ, ಹುಮ್ಮಸ್ಸಿನಲ್ಲಿ ಬೆಳಗ್ಗೆ ಊಟಿ ಕೆರೆಯ ದಾರಿಯಲ್ಲಿ ಓಡಿದೆ. ಅರ್ಧ ಕಿ.ಮೀ.ಗೆ ಎದೆ ಬಿಗಿಯಿತು. ಹಿಂದಿನ ರಾತ್ರಿಯ ಬೋಂಡಾವನ್ನು ಬೈದುಕೊಂಡು ಕೂತೆ. ಬೋಂಡಾದ ತಪ್ಪಲ್ಲ ಎಂದು ಈಗ ಗೊತ್ತು. ಅಲ್ಲಿ ಸಮತಟ್ಟು ಜಾಗ ಕಡಿಮೆ. ವೇಗದ ಓಟಕ್ಕೆ ಊಟಿಯ ಎಚ್‌ಎಡಿಪಿ ಮೈದಾನವಿದೆ. ಟೀ ತೋಟದ ದಾರಿಗಳಲ್ಲಿ ಬೆಳಕು ಹರಿಯುವ ಮುಂಚೆ ಕಾಲಿಡಬೇಡಿ. ಅಲ್ಲಿ ಕಾಟಿ, ಅಂದರೆ ಕಾಡುಕೋಣ, ಅಡ್ಡ ಬಂದರೆ ನಿಮ್ಮ 10 ಕಿ.ಮೀ. ದಾಖಲೆ ಕೆಲಸಕ್ಕೆ ಬರುವುದಿಲ್ಲ.

ಒಂದು ವರ್ಷ ಅಂದಿರಲ್ಲ, ಅದು ಬೇಡ. ಒಂದು ಹುಳದ ಬೆಳೆಯಷ್ಟು ದಿನ ಸಾಕು. ಚಾಕಿ, ಅಂದರೆ ಮರಿಹುಳದ ಹಂತದಿಂದ ಹಿಡಿದು ಹಣ್ಣಾದ ಹುಳವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವವರೆಗೆ ನಾಲ್ಕು ವಾರ ಆಗುತ್ತದಲ್ಲ, ಅಷ್ಟೇ. ಮೊದಲ ವಾರ, ಹುಳ ಪೊರೆ ಬಿಡಲು ಸೊಪ್ಪು ತಿನ್ನದೆ ಜ್ವರಕ್ಕೆ ಕೂತಂತೆ ಎಂದು ತಿಳಿಯಿರಿ. ಜ್ವರದಲ್ಲಿರುವ ಹುಳದ ಮೇಲೆ ಸೊಪ್ಪು ಸುರಿದರೆ ಏನಾಗುತ್ತದೆಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಆ ವಾರ ನಿಧಾನ ಓಟ, ಹೆಚ್ಚು ನೀರು, ಹೆಚ್ಚು ನಿದ್ದೆ. ಎರಡನೇ ವಾರದಿಂದ ವೇಗದ ಓಟ ಸೇರಿಸಬಹುದು. ಆದರೆ ಕಟ್ಟೆಯ ಮೇಲೆ ಹಿಡಿಯುತ್ತಿದ್ದ ಸಮಯ ಅಲ್ಲಿ ಬರುವುದಿಲ್ಲ, ಗಡಿಯಾರ ನೋಡಿ ಬೇಜಾರಾಗಬೇಡಿ. ಸುತ್ತುಗಳ ನಡುವಿನ ವಿಶ್ರಾಂತಿ ಹೆಚ್ಚಿಸಿ.

ಇದರಿಂದ ಎಷ್ಟು ಸಿಗುತ್ತದೆ? ಬೆಂಜಮಿನ್ ಲೆವಿನ್, ಜೇಮ್ಸ್ ಸ್ಟ್ರೇ-ಗಂಡರ್ಸನ್ ಎಂಬ ಇಬ್ಬರು 1997ರಲ್ಲಿ ಪ್ರಕಟಿಸಿದ ಅಧ್ಯಯನವನ್ನೇ ಎಲ್ಲರೂ ಹಿಡಿದುಕೊಳ್ಳುತ್ತಾರೆ. 39 ಓಟಗಾರರನ್ನು ಮೂರು ಗುಂಪು ಮಾಡಿ ನಾಲ್ಕು ವಾರ ನೋಡಿದರು. 2,500 ಮೀಟರ್‌ನಲ್ಲಿ ಮಲಗಿ, 1,250 ಮೀಟರ್‌ಗೆ ಇಳಿದು ಓಡಿದ ಗುಂಪಿನ 5,000 ಮೀಟರ್ ಓಟ ಸರಾಸರಿ 13 ಸೆಕೆಂಡಿನಷ್ಟು ಸುಧಾರಿಸಿತು. ಮೇಲೆಯೇ ಇದ್ದು ಮೇಲೆಯೇ ಓಡಿದವರಿಗೆ ಅಷ್ಟು ಸಿಗಲಿಲ್ಲ. ಮರುವರ್ಷ ಅದೇ ಬಳಗ ತೋರಿಸಿದ್ದು ಇನ್ನೊಂದು: ಕೆಲವರ ದೇಹ ಎತ್ತರಕ್ಕೆ ಚೆನ್ನಾಗಿ ಓಗೊಡುತ್ತದೆ, ಕೆಲವರದು ಅಷ್ಟಕ್ಕಷ್ಟೆ. ಇಳಿದು ಓಡಬೇಕೆಂದು ನೀವು ಕೇತ್ತಿಯಿಂದ ಮೆಟ್ಟುಪಾಳ್ಯಕ್ಕೆ ಘಾಟಿ ಇಳಿಯುವುದು ಹುಚ್ಚು. ಆ ತಿರುವುಗಳಲ್ಲಿ ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಇಳಿದವನು ಏನು ಓಡಿಯಾನು?

ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು, ನಿಮ್ಮ ಪತ್ರದಲ್ಲಿ ಇಲ್ಲದ್ದು. ಕೆಂಪು ರಕ್ತಕಣಕ್ಕೆ ಕಬ್ಬಿಣ ಬೇಕು. ಕಬ್ಬಿಣ ಕಡಿಮೆ ಇದ್ದವನು ಊಟಿಗೆ ಹೋಗುವುದು, ಸೊಪ್ಪಿಲ್ಲದೆ ಮೊಟ್ಟೆ ತಂದು ಚಾಕಿ ಕಟ್ಟಿದಂತೆ. ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಗಂಡಸರಲ್ಲಿ ನಾಲ್ವರಲ್ಲೊಬ್ಬರಿಗೆ, ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಆದ್ದರಿಂದ ಹೊರಡುವ ಎರಡು ತಿಂಗಳ ಮುಂಚೆ ಹಿಮೋಗ್ಲೋಬಿನ್ ಜೊತೆಗೆ, ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟೆಂದು ತೋರಿಸುವ ಫೆರಿಟಿನ್ ಪರೀಕ್ಷೆಯನ್ನೂ ಮಾಡಿಸಿ. ಹಿಮೋಗ್ಲೋಬಿನ್ ಸರಿ ಇದ್ದು ಫೆರಿಟಿನ್ ತಳ ಹಿಡಿದಿರುವ ಓಟಗಾರರು ಇರುತ್ತಾರೆ. ಕಡಿಮೆ ಇದ್ದರೆ ಡಾಕ್ಟರು ಹೇಳಿದಷ್ಟು ಮಾತ್ರ ಮಾತ್ರೆ. ಮೆಡಿಕಲ್ ಅಂಗಡಿಯವನ ಮಾತು ಕೇಳಿ ನುಂಗಬೇಡಿ, ಕಬ್ಬಿಣ ಜಾಸ್ತಿಯಾದರೂ ಕೇಡೇ. ಊಟದಲ್ಲಿ ಹುರುಳಿಕಾಳಿನ ಬಸ್ಸಾರು, ಸೊಪ್ಪು, ಅದರ ಮೇಲೆ ಅರ್ಧ ನಿಂಬೆಹಣ್ಣು. ಊಟವಾದ ಕೂಡಲೇ ಟೀ ಕುಡಿದರೆ ತಿಂದ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ಟೀ ತೋಟದ ನಡುವೆ ಕೂತವನಿಗೆ ಇದು ಕಷ್ಟದ ಪಥ್ಯ, ಗೊತ್ತು.

ಬರುವ ಏಪ್ರಿಲ್ ಎಂದಿದ್ದೀರಿ, ನಾನು ಅದರ ಮುಂದಿನ ವರ್ಷದ ಏಪ್ರಿಲ್ ಎನ್ನುತ್ತೇನೆ. ಈ ಸಲ ಮನೆಯಿಂದಲೇ ಓಡಿ. ವಾರಕ್ಕೊಮ್ಮೆ ನಂದಿಗೆ ಹೋಗಿ, ಎತ್ತರಕ್ಕಲ್ಲ, ಏರಿಗೆ. ಬುಡದಿಂದ ನೆತ್ತಿಗೆ ಸುಮಾರು 500 ಮೀಟರ್ ಏರು. ಸುಲ್ತಾನಪೇಟೆ ಕಡೆಯ ಮೆಟ್ಟಿಲು ಸಾವಿರಕ್ಕೂ ಹೆಚ್ಚು. ರಸ್ತೆಯಲ್ಲಿ ಓಡಿ ಏರಿ, ಇಳಿಯುವಾಗ ಬಸ್ಸು ಹತ್ತಿ, ಮಂಡಿ ಉಳಿಯುತ್ತದೆ. ಭಾನುವಾರ ಬೇಡ. ಬೆಂಗಳೂರೆಲ್ಲ ಅವತ್ತು ಸೂರ್ಯೋದಯ ನೋಡಲು ಅಲ್ಲೇ ಇರುತ್ತದೆ. ಜಿಲ್ಲಾ ಕ್ರೀಡಾಂಗಣದಲ್ಲಿ ಯಾರಾದರೂ ತರಬೇತುದಾರರ ಕಣ್ಣಿಗೆ ಬೀಳಿ. ಸಮಯ 33 ನಿಮಿಷದೊಳಗೆ ಬಂದು ಅಲ್ಲೇ ನಿಂತುಬಿಟ್ಟರೆ ಆಗ ನೀಲಗಿರಿ.

ಆ ವರ್ಷ ಮಾರ್ಚ್ ಮೊದಲ ವಾರ ಹತ್ತಿ, ಏಪ್ರಿಲ್ ಮೊದಲ ವಾರ ಇಳಿಯಿರಿ. ಮಳೆ ಕಡಿಮೆ, ಪ್ರವಾಸಿಗಳ ಜಾತ್ರೆ ಇನ್ನೂ ಶುರುವಾಗಿರುವುದಿಲ್ಲ. ಓಟಕ್ಕೆ ಎರಡು ಮೂರು ವಾರ ಉಳಿದಿರುತ್ತದೆ. ಚಳಿಯಿಂದ ಬಂದ ಮೈ ನಮ್ಮ ಏಪ್ರಿಲ್ ಬಿಸಿಲಿಗೆ ಒಗ್ಗಲು ಅಷ್ಟು ದಿನ ಬೇಕೇ ಬೇಕು. ಇಳಿದ ಮೇಲೆ ಅದಕ್ಕಿಂತ ಹೆಚ್ಚು ದಿನ ಕಳೆದರೆ ಬೆಟ್ಟದ ಲಾಭ ಕರಗುತ್ತಾ ಬರುತ್ತದೆ. ಪುಟ್ಟ ಕುಕ್ಕರು, ಮನೆಯ ರಾಗಿ ಹಿಟ್ಟು, ಎರಡು ಕಂಬಳಿ ಜೊತೆಗಿರಲಿ.

ಖರ್ಚಿನ ಪಟ್ಟಿಯಲ್ಲಿ ನೀವು ಬಿಟ್ಟಿರುವ ಬಾಬತ್ತೊಂದಿದೆ. ಆ ನಾಲ್ಕು ವಾರ ಹುಳದ ಮನೆಯಲ್ಲಿ ಬೆಳೆ ಇದ್ದರೆ ಸೊಪ್ಪು ಕೊಯ್ಯುವವರು ಯಾರು? ಒಂದು ಆಳಿನ ಕೂಲಿಯನ್ನು ಆ 80 ಸಾವಿರದಲ್ಲಿ ಮೊದಲೇ ಎತ್ತಿಟ್ಟು, ಆಮೇಲೆ ಅಪ್ಪನ ಹತ್ತಿರ ಬೆಟ್ಟದ ಮಾತು ತೆಗೆಯಿರಿ.