ಎಸಿಎಲ್ (ಮಂಡಿಯನ್ನು ಹಿಡಿದಿಡುವ ಒಳಗಿನ ಲಿಗಮೆಂಟ್) ಆಪರೇಷನ್ ಆಗಿ ಐದು ತಿಂಗಳು. ನೋವಿಲ್ಲ. ಸ್ಕೇಟ್‌ಬೋರ್ಡ್‌ನಲ್ಲಿ ಸ್ಲ್ಯಾಪಿ ಗ್ರೈಂಡ್, ಅಂದರೆ ಹಾರದೆ ಕರ್ಬ್ (ಫುಟ್‌ಪಾತ್ ಅಂಚುಗಲ್ಲು) ಹತ್ತಿ ಅದರ ಮೇಲೆ ಜಾರುವ ಟ್ರಿಕ್, ಕಲಿಯಲು ಶುರು ಮಾಡಬಹುದಾ?

ಈಗಲೇ ಬೇಡ. ನೋವಿಲ್ಲ ಅಂದರೆ ಮಂಡಿ ಗಟ್ಟಿಯಾಗಿದೆ ಅಂತ ಅರ್ಥವಲ್ಲ. ಹರಿದ ಎಸಿಎಲ್ ಬದಲಿಗೆ ಒಳಗೆ ಕೂರಿಸಿದ ಅಂಗಾಂಶ (ಗ್ರಾಫ್ಟ್) ಮೊದಲ ಕೆಲವು ತಿಂಗಳು ದುರ್ಬಲವಾಗಿ, ಆಮೇಲೆ ನಿಧಾನವಾಗಿ ಬಲ ಪಡೆಯುತ್ತದೆ. ಮಂಡಿ ತಿರುಚುವ ಆಟಗಳಿಗೆ ಸಾಮಾನ್ಯವಾಗಿ ಕನಿಷ್ಠ 9 ತಿಂಗಳು ಕಾಯಿರಿ ಅನ್ನುತ್ತಾರೆ. ಆಪರೇಷನ್ ಆದ ಕಾಲಿನ ತೊಡೆಗೆ ಇನ್ನೊಂದು ಕಾಲಿನ 90% ಬಲವಾದರೂ ಬಂದಿರಬೇಕು. ಅದನ್ನು ಫಿಸಿಯೋ ಅಳೆದು ಹೇಳಲಿ.

ಸ್ಲ್ಯಾಪಿಯಲ್ಲಿ ಒಲಿ (ಬೋರ್ಡ್ ಸಮೇತ ಮೇಲಕ್ಕೆ ಜಿಗಿಯುವುದು) ಹಾರುವುದಿಲ್ಲ, ಹಾಗಾಗಿ ಸುರಕ್ಷಿತ ಅನಿಸುತ್ತದೆ, ಅಲ್ವಾ? ಅಪಾಯ ಇರುವುದು ಬೇರೆ ಕಡೆ. ಮುಂದಿನ ಟ್ರಕ್ (ಬೋರ್ಡ್ ಕೆಳಗೆ ಚಕ್ರಗಳನ್ನು ಹಿಡಿದಿರುವ ಲೋಹದ ಭಾಗ) ಕರ್ಬ್ ಹತ್ತದಿದ್ದರೆ ಬೋರ್ಡ್ ಥಟ್ಟನೆ ನಿಲ್ಲುತ್ತದೆ. ನೀವು ಮುಂದಕ್ಕೆ ಎಸೆಯಲ್ಪಟ್ಟು ಒಂದೇ ಕಾಲೂರುತ್ತೀರಿ, ದೇಹ ಮಾತ್ರ ಇನ್ನೂ ತಿರುಗುತ್ತಿರುತ್ತದೆ. ಎಸಿಎಲ್ ಹರಿಯುವುದು ಬಹಳ ಸಲ ಹೀಗೇ.

ಅಲ್ಲಿಯವರೆಗೆ ಫಿಸಿಯೋ ಒಪ್ಪಿದರೆ ಸಮತಟ್ಟು ನೆಲದಲ್ಲಿ ನಿಧಾನವಾಗಿ ಓಡಿಸಿ, ಭಾರ ಬದಲಿಸುವುದನ್ನು ಅಭ್ಯಾಸ ಮಾಡಿ. ಟ್ರಿಕ್‌ನ ಅರ್ಧ ಜೀವ ಅದರಲ್ಲೇ ಇದೆ.

ಅನುಮತಿ ಸಿಕ್ಕ ಮೇಲೆ ಗಿಡ್ಡ, ಅಂಚು ದುಂಡಗಿರುವ ಕರ್ಬ್ ಹುಡುಕಿ. ಮೇಣ ಜಾಸ್ತಿಯೇ ಉಜ್ಜಿ. ಕ್ಯಾಲಿಫೋರ್ನಿಯಾದ ಸ್ಕೇಟರ್‌ಗಳಿಗೆ ಕೆಂಪು ಬಣ್ಣದ ಕರ್ಬ್ ಇಷ್ಟವಾಗುವುದೂ ಟ್ರಕ್ ಸಲೀಸಾಗಿ ಜಾರುತ್ತದೆ ಅಂತಲೇ. ಟ್ರಕ್ ಸ್ವಲ್ಪ ಸಡಿಲವಿರಲಿ. ಓರೆಯಾಗಿ ಬನ್ನಿ, ತೀರಾ ನೇರವಾಗಿ ಬೇಡ. ತಾಗುವ ಕ್ಷಣದಲ್ಲಿ ಮುಂದಿನ ಕಾಲು ಹಗುರ ಮಾಡಿ, ಟ್ರಕ್ ಹತ್ತಿದ ಕೂಡಲೇ ಭಾರವನ್ನು ಕರ್ಬ್ ಕಡೆಗೆ ಒತ್ತಿ. ಹಿಂದಿನ ಟ್ರಕ್ ತಾನಾಗಿ ಏರುತ್ತದೆ. ಮರುದಿನ ಮಂಡಿ ಊದಿದರೆ ನಿಲ್ಲಿಸಿ, ಫಿಸಿಯೋಗೆ ತಿಳಿಸಿ.